ತಲೆದಿಂಬಿನ ತೆರಿಗೆ

ಬೆರಿಕ್ ಊರಲ್ಲಿ ಹೊಳೆ ದಾಟಿದರೆ ದೇಶ ದಾಟಿದಂತಲ್ಲ.
ಟ್ವೀಡ್ ನದಿಗೆ ಎಷ್ಟು ಸೇತುವೆ ಇದ್ದರೇನು,
ಎರಡೂ ದಂಡೆ ಇಂಗ್ಲೆಂಡೇ.
ಗಡಿಯಿರುವುದು ಉತ್ತರಕ್ಕೆ ಮೂರು ಮೈಲಿ,
ಬಾರ್ಲಿ ಹೊಲದ ಪಕ್ಕ, ಲಾರಿ ನಿಲ್ಲುವ ಜಾಗದಲ್ಲಿ:
ಒಂದು ಫಲಕ, ಒಂದು ಕಸದ ಡಬ್ಬಿ,
ಬೇಸಿಗೆಯಾದರೆ ಒಂದು ಚಹಾದ ಗಾಡಿ.
ಚೆಕ್‌ಪೋಸ್ಟ್ ಇಲ್ಲ, ಕೈ ಅಡ್ಡ ಹಿಡಿಯುವವರಿಲ್ಲ.
ನಿಪ್ಪಾಣಿಯ ಲಾರಿ ಡ್ರೈವರನ ಮಗಳಿಗೆ
ಇಂಥದ್ದೂ ಗಡಿಯೆಂದು ನಂಬಲು ಒಂದು ವರ್ಷ ಹಿಡಿಯಿತು.

ಕೆಲಸ ಆಚೆ, ಐಮೌತಿನ ವೃದ್ಧರ ಮನೆಯಲ್ಲಿ.
ಗಂಟೆಗೆ ಒಂದು ಪೌಂಡು ಹತ್ತು ಪೆನ್ನಿ ಹೆಚ್ಚು.
ಹೊತ್ತು ಮುಳುಗಿದ ಮೇಲೆ ಹನಿ ನೀರೂ ಮುಟ್ಟದ
ಜೈನರ ಮನೆಯಲ್ಲಿ ಬೆಳೆದವಳು
ಇರುಳಿಡೀ ಇನ್ನೊಬ್ಬರ ತುಟಿಗೆ
ಚಮಚೆ ಚಮಚೆ ನೀರು ಹಿಡಿಯುತ್ತೇನೆ.

ಭರತೇಶ ಹಳೆಯ ಕ್ಯಾಲೆಂಡರಿನ ಬೆನ್ನಿಗೆ
ನಡುಗೆರೆ ಎಳೆದಿದ್ದಾನೆ. ಈಚೆ. ಆಚೆ.
ಬಾಡಿಗೆ, ಮನೆಪಟ್ಟಿ, ನೀರಿನ ಬಿಲ್ಲು.
"ಆಚೆ ಔಷಧಕ್ಕ ರೊಕ್ಕ ಇಲ್ಲ ನೋಡು"
ಎಂದು ಉಬ್ಬಸದ ಪಂಪನ್ನು ಜೇಬಿನಿಂದ ತೆಗೆದು
ಮೇಜಿನ ಮೇಲೆ ಸಾಕ್ಷಿಯ ಹಾಗೆ ಇಡುತ್ತಾನೆ.
"ಮೈನಾಗ ಬಸ್ಸು ಪುಕ್ಕಟೆ.
ಮೂರು ವರ್ಷ ಮೊದಲೇ ಹೋಗಿ ಕೂತರ
ಕಾಲೇಜಿನ ಫೀನೂ ಇಲ್ಲ."
ಹದಿನೈದರ ಮೈನಾ ತಲೆಯೆತ್ತದೆ ಕೇಳುತ್ತಾಳೆ,
"ಅಲ್ಲಿ ನಂಗ ಯಾರ ಗೊತ್ತದಾರ?"
ಅದನ್ನು ಯಾವ ಸಾಲಿಗೆ ಸೇರಿಸಬೇಕೋ ತಿಳಿಯದೆ
ಅವನು ಪೆನ್ನಿನ ಟೋಪಿ ಕಚ್ಚುತ್ತಾನೆ.

ಶನಿವಾರ ಆಚೆಯವರೇ ಈಚೆ ಬರುತ್ತಾರೆ,
ಡಿಕ್ಕಿ ತುಂಬ ಬಿಯರು, ವಿಸ್ಕಿ ಹೇರಿಕೊಂಡು ಹೋಗುತ್ತಾರೆ.
ಕುಡಿಯುವುದು ಈಚೆ ಅಗ್ಗ,
ಕೆಮ್ಮುವುದು ಆಚೆ ಅಗ್ಗ.

ತೆರಿಗೆಯ ಸಾಲಿಗೆ ಬಂದಾಗ ಮಾತ್ರ
ಅವನ ದನಿ ಇಳಿಯುತ್ತದೆ.
"ನೀ ಎಲ್ಲಿ ದುಡೀತಿ ಅಂತ ಕೇಳೂದಿಲ್ಲ ಅವರು,
ಎಲ್ಲಿ ಮಲಗ್ತಿ ಅಂತ ಕೇಳ್ತಾರ."
ತಲೆದಿಂಬು ಆಚೆಗೆ ಹೋದರೆ
ಸಂಬಳದ ಚೀಟಿಯ ಮೇಲೆ ಒಂದು ಎಸ್ ಅಕ್ಷರ,
ಕೈಗೆ ಬರುವುದರಲ್ಲಿ ಒಂದಿಷ್ಟು ಖೋತಾ.

ನಾನು ಎಲ್ಲಿ ಮಲಗುತ್ತೇನೆ?
ಪಾಳಿ ಮುಗಿಸಿ ಹತ್ತಿದ ಬಸ್ಸಿನಲ್ಲಿ
ಗಾಜಿಗೆ ಹಣೆಯಿಟ್ಟು ನಾಲ್ಕು ನಿಮಿಷ ಆಚೆ,
ಆರು ನಿಮಿಷ ಈಚೆ.
ಆ ಜೊಂಪನ್ನು ಯಾರ ಖಜಾನೆಗೆ ಕಟ್ಟಲಿ?

ಅಪ್ಪ ಎಂದೂ ಟ್ಯಾಂಕು ತುಂಬಿಸಿದವನಲ್ಲ.
ಕಾಗಲದ ಕಡೆ ಡೀಸೆಲ್ ನಾಲ್ಕಾಣೆ ಇಳಿದೀತೆಂದು
ಅರ್ಧ ಟ್ಯಾಂಕಿನಲ್ಲೇ ಅರ್ಧ ಆಯುಷ್ಯ ಓಡಿಸಿದ.
ಉಳಿದದ್ದೆಲ್ಲ ಎಲ್ಲಿ ಹೋಯಿತೆಂದು ಅವ್ವ ಕೇಳಿದರೆ
"ಪಾಳಿ ಹಚ್ಚಿ ನಿಂತಾಗ ಕುಡಿದ ಚಾಕ್ಕ ಹೋತು" ಎಂದು ನಗುತ್ತಿದ್ದ.

ಮೂರನೆ ನಂಬರ್ ಕೋಣೆಯ ಐಲ್ಸಾ ಅಜ್ಜಿಗೆ ತೊಂಬತ್ತೊಂದು.
ಅವರ ಮನೆ ಗಡಿಯ ಈಚೆಗಿತ್ತಂತೆ, ಕೊಟ್ಟಿಗೆ ಆಚೆಗೆ.
ಹಸುಗಳು ಎರಡು ದೇಶ ಮೇಯುತ್ತಿದ್ದವಂತೆ,
ಹಾಲು ಮಾತ್ರ ಒಂದೇ ಬಣ್ಣ.
ನಡುರಾತ್ರಿ ಎದ್ದು ಕೇಳುತ್ತಾಳೆ,
"ನೀನು ಯಾವ ಕಡೆಯವಳೇ?"
"ಬೆರಿಕ್."
"ಹಾಗಾದರೆ ಯಾವ ಕಡೆಯವಳೂ ಅಲ್ಲ ಬಿಡು."
ನಕ್ಕು ಕೆಮ್ಮು ಬಂದು ನೀರು ಕೇಳುತ್ತಾಳೆ.

ಕೊನೆಗೆ ಕೂಡಿ ಕಳೆದರೆ ಎರಡು ದೇಶಗಳ ನಡುವೆ
ತಿಂಗಳಿಗೆ ನಲವತ್ತೊಂದು ಪೌಂಡಿನ ಅಂತರ.
ಯಾವ ಕಡೆಗೆಂದು ಕೇಳಬೇಡಿ,
ವಾರಕ್ಕೊಮ್ಮೆ ಅದು ಪಕ್ಷ ಬದಲಿಸುತ್ತದೆ.
ಇನ್ನೂ ಗಂಟು ಕಟ್ಟಿಲ್ಲ.

ಬೆಳಗ್ಗೆ ಪರದೆ ಎಳೆದು ಹಾಸಿಗೆಗೆ ಬಿದ್ದರೆ
ಅವನು ಬೇಕರಿಗೆ ಹೋಗಿ ಎಷ್ಟೋ ಹೊತ್ತಾಗಿರುತ್ತದೆ.
ದಿಂಬಿನ ನಡುವೆ ಅವನ ತಲೆಯ ಗುಳಿ ಹಾಗೇ ಇರುತ್ತದೆ,
ನನ್ನ ತಲೆ ಅದರಲ್ಲೇ ಕೂರುತ್ತದೆ.
ಒಂದೇ ದಿಂಬು, ಎರಡು ಪಾಳಿ.
ಈ ಉಳಿತಾಯವನ್ನು ಭರತೇಶ
ಯಾವ ಕಡೆಗೂ ಬರೆದಿಲ್ಲ.